ರೊಟ್ಟಿ ಹಬ್ಬದ ದಿನ ಬಂದ ಸಮಿತಿ

ನನಗೆ ಸಿಟ್ಟು ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ. ನಮ್ಮ ವಿಶ್ವವಿದ್ಯಾಲಯವನ್ನು ಪಕ್ಕದ ಜಿಲ್ಲೆಯ ದೊಡ್ಡ ವಿಶ್ವವಿದ್ಯಾಲಯದೊಳಗೆ ವಿಲೀನ ಮಾಡುತ್ತಾರಂತೆ ಎಂಬ ಸುದ್ದಿ ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದಾಗ, ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದು ಆವರಣದ ತುಂಬ ಒಂದು ಸುತ್ತು ಹಾಕಿ ಬಂದೆ. ಆ ಸುತ್ತಿಗೆ ಬಹಳ ಹೊತ್ತು ಹಿಡಿಯಲಿಲ್ಲ ಎಂಬುದೇ ನಮ್ಮ ಸಂಕಟ. ಒಂದು ಆಡಳಿತ ಕಚೇರಿ, ಎರಡಂತಸ್ತಿನ ತರಗತಿ ಕಟ್ಟಡ, ಒಂದು ಸಭಾಭವನ, ಅರ್ಧ ಖಾಲಿ ಕಪಾಟುಗಳ ಗ್ರಂಥಾಲಯ, ಹುಡುಗಿಯರ ಹಾಸ್ಟೆಲ್ಲು, ಸಾಲಾಗಿ ಬೇವಿನ ಮರಗಳು. ಕಾಂಪೌಂಡ್ ದಾಟಿದರೆ ಹೆಸರುಕಾಳಿನ ಹೊಲ. ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವೆ, ಬಸ್ಸಿನ ಕಿಟಕಿಯಿಂದ ನೋಡುವ ಹೊಸಬರು ನಮ್ಮನ್ನು ಬೀಜದ ಗೋದಾಮು ಎಂದುಕೊಳ್ಳುತ್ತಾರೆ.

ನಾನು ಅಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಮನೆ ಗದಗಿನಲ್ಲಿ, ತವರು ಬೆಟಗೇರಿಯಲ್ಲಿ. ಅಂದರೆ ಸಿಟ್ಟು ಮಾಡಿಕೊಂಡು ತವರಿಗೆ ಹೋದರೂ ಆಟೋದವನು ಮಾತು ಶುರು ಮಾಡುವಷ್ಟರಲ್ಲಿ ಮುಟ್ಟಿಬಿಡುತ್ತೇನೆ. ದಿನವೂ ಮುಳಗುಂದದ ಮೇಲೆ ಬರುವ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ನಮ್ಮ ವಿಶ್ವವಿದ್ಯಾಲಯ ದೊಡ್ಡದಲ್ಲ, ಹೆಸರುವಾಸಿಯೂ ಅಲ್ಲ. ವಿದ್ಯಾರ್ಥಿಗಳು ಕಡಿಮೆ, ಕಾಯಂ ಅಧ್ಯಾಪಕರು ಇನ್ನೂ ಕಡಿಮೆ. ಮಳೆ ಬಂದರೆ ಮೇಲಿನ ಮಹಡಿಯ ತರಗತಿ ಕೆಳಕ್ಕೆ ಇಳಿಯುತ್ತದೆ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಬೇರೆಯವರ ಬಾಯಲ್ಲಿ ಕೇಳುವುದು ನನ್ನಿಂದಾಗುತ್ತಿರಲಿಲ್ಲ.

ಸುದ್ದಿ ಕೇಳಿದ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಮಾತ್ರ ಕಟ್ಟಡವಲ್ಲ, ಒಬ್ಬ ವಿದ್ಯಾರ್ಥಿನಿ. ಮುಂಡರಗಿಯ ಹತ್ತಿರದ ಹಳ್ಳಿಯವಳು, ಎಂ.ಎ. ಎರಡನೆಯ ವರ್ಷ. ಮದುವೆಯಾಗಿದೆ, ಒಬ್ಬ ಪುಟ್ಟ ಮಗಳಿದ್ದಾಳೆ, ಗಂಡ ಹೊಲ ನೋಡಿಕೊಳ್ಳುತ್ತಾನೆ. ಸೊಸೆ ಓದುವುದಕ್ಕೆ ಅತ್ತೆ ಒಪ್ಪಿದ್ದು ಒಂದೇ ಕರಾರಿನ ಮೇಲೆ: ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸೊಸೆ ಮನೆಯಲ್ಲಿರಬೇಕು, ದೀಪ ಅವಳೇ ಹಚ್ಚಬೇಕು. ಕೊನೆಯ ತರಗತಿಯಲ್ಲಿ ಅವಳು ಗಡಿಯಾರ ನೋಡುತ್ತಿರಲಿಲ್ಲ, ಬೇವಿನ ಮರದ ನೆರಳು ನೋಡುತ್ತಿದ್ದಳು. ನೆರಳು ಮೆಟ್ಟಿಲು ಮುಟ್ಟಿದರೆ ಪುಸ್ತಕ ಮುಚ್ಚಿ, ನನ್ನ ಕಡೆ ಒಮ್ಮೆ ನೋಡಿ, ಮುಂಡರಗಿ ಬಸ್ಸಿಗೆ ಓಡುತ್ತಿದ್ದಳು. ನಮ್ಮ ತರಗತಿಗಳು ಪಕ್ಕದ ಜಿಲ್ಲೆಗೆ ಹೋದರೆ ಯಾವ ಬಸ್ಸೂ ಅವಳನ್ನು ದೀಪದ ಹೊತ್ತಿಗೆ ಮನೆ ಮುಟ್ಟಿಸುವುದಿಲ್ಲ. ಅವಳ ಓದು ಅಲ್ಲಿಗೆ ಮುಗಿಯಿತು. ವಿಲೀನ ಬೇಡ ಎಂದು ನಾನು ಸೊಂಟ ಕಟ್ಟಿ ನಿಂತದ್ದು ಇದಕ್ಕಾಗಿ.

ಅವಳನ್ನು ಕರೆದು ಕೇಳಿದೆ, "ಇದು ಬಂದ್ ಆದರ ಏನ್ ಮಾಡ್ತಿ?"

"ಏನ್ ಮಾಡೂದ್ರಿ ಮೇಡಂ, ಮನ್ಯಾಗ ಕುಂಡ್ರೂದು" ಅಂದಳು. ನಗುತ್ತಲೇ ಅಂದಳು. ಆ ನಗು ನನ್ನ ಸಿಟ್ಟಿಗೆ ಇನ್ನಷ್ಟು ಎಣ್ಣೆ ಹೊಯ್ಯಿತು.

ಆಷಾಢ ಕಳೆಯುವ ಹೊತ್ತಿಗೆ ಸುತ್ತೋಲೆ ಬಂತು. ವಿಲೀನದ ಸಾಧಕ ಬಾಧಕ ನೋಡಲು ಒಂದು ಸಮಿತಿ ಬರುತ್ತದೆ, ತರಗತಿಗಳನ್ನು ನೋಡುತ್ತದೆ, ವಿದ್ಯಾರ್ಥಿಗಳ ಜೊತೆ ಮಾತಾಡುತ್ತದೆ, ಬರುವ ಬುಧವಾರ. ನಮಗೆಲ್ಲ ಮೈಯಲ್ಲಿ ಹುಮ್ಮಸ್ಸು ಬಂದುಬಿಟ್ಟಿತು. ಇಷ್ಟು ದಿನ ನೋಡಲು ಯಾರೂ ಬಾರದ ಮನೆಗೆ ಕನ್ಯೆ ನೋಡಲು ಬೀಗರು ಬರುತ್ತಾರೆ ಅಂದ ಹಾಗೆ. ಹಾಸ್ಟೆಲ್ಲಿನ ಗೋಡೆಗೆ ಸುಣ್ಣ, ಸಭಾಭವನದ ಫ್ಯಾನುಗಳಿಗೆ ಎಣ್ಣೆ. ನಾನು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ತಯಾರು ಮಾಡಿದೆ. ಎಲ್ಲರ ಮಾತೂ ಒಂದೇ ಕಡೆ ಬಂದು ನಿಲ್ಲಬೇಕು: ವಿಲೀನ ಬೇಡ. ಹುಡುಗಿಯರು ಜೋರಾಗಿ ಹೇಳಿದರು. ಮುಂಡರಗಿಯವಳು ಮಾತ್ರ ಮೆಲ್ಲಗೆ ಹೇಳಿದಳು. ಬಸ್ಸಿನ ಹೊತ್ತಾಗಿರಬೇಕು ಎಂದುಕೊಂಡೆ.

ರವಿವಾರ ಬೆಟಗೇರಿಗೆ ಹೋದೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಬುಟ್ಟಿಯ ತುಂಬ ಕಡಕ್ ರೊಟ್ಟಿ, ಮೇಲೆ ಬಿಳಿ ಬಟ್ಟೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಂದನ್ನು ಮುರಿದು ಬಾಯಿಗಿಟ್ಟುಕೊಂಡೆ.

"ಬುಧವಾರ ಜಲ್ದಿ ಬಾ. ಓಣ್ಯಾಗ ಹಂಚಾಕ ನನ್ನೊಬ್ಬಾಕಿ ಕಡಿಂದ ಆಗಂಗಿಲ್ಲ" ಅಂದಳು ಅವ್ವ.

"ಬುಧವಾರ ಆಗಂಗಿಲ್ಲವ್ವ. ಸಮಿತಿ ಬರತೈತಿ."

"ರೊಟ್ಟಿ ಹಬ್ಬದ ದಿನಾ?"

ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಪಂಚಮಿ ಬಂದೇ ಬಿಟ್ಟಿದೆ! ನಾಗಪ್ಪನಿಗೆ ಹಾಲೆರೆಯುವುದಕ್ಕೆ ಮುಂಚಿನ ದಿನ ನಮ್ಮ ಕಡೆ ರೊಟ್ಟಿ ಹಬ್ಬ. ಮನೆಮನೆಯಲ್ಲೂ ವಾರದಿಂದ ರೊಟ್ಟಿ ಬಡಿದು ಒಟ್ಟಿರುತ್ತಾರೆ. ಅವತ್ತು ಬಗೆಬಗೆಯ ಪಲ್ಯ, ಚಟ್ನಿ ಮಾಡಿ, ರೊಟ್ಟಿಯ ಮೇಲಿಟ್ಟು ಓಣಿಯ ಎಲ್ಲ ಮನೆಗಳಿಗೆ ಹಂಚುತ್ತಾರೆ. ಎಲ್ಲ ಮನೆಗಳಿಂದಲೂ ನಮ್ಮ ಮನೆಗೆ ಬರುತ್ತವೆ. ಪಂಚಮಿಗೆ ನಮ್ಮಲ್ಲಿ ಸ್ಥಳೀಯ ರಜೆ ಕೊಡುತ್ತಾರೆ. ರೊಟ್ಟಿ ಹಬ್ಬಕ್ಕೆ ರಜೆ ಎಂದು ಯಾರೂ ಎಲ್ಲಿಯೂ ಬರೆದಿಲ್ಲ, ಬರೆಯದಿದ್ದರೂ ಎಲ್ಲರೂ ತೆಗೆದುಕೊಳ್ಳುತ್ತಾರೆ. ಬುಧವಾರಕ್ಕೆ ಬರ್ತೀವ್ರಿ ಎಂದು ಹೇಳಿ ಹಾಸ್ಟೆಲ್ಲಿನ ಹುಡುಗಿಯರು ಶನಿವಾರವೇ ಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ್ದನ್ನು ನಾನೇ ಕಣ್ಣಾರೆ ನೋಡಿ ಕೈ ಬೀಸಿದ್ದೆ.

ತಾರೀಖು ಇಟ್ಟ ನಮ್ಮ ಕುಲಪತಿಗಳು ಮೈಸೂರು ಕಡೆಯವರು, ಅವರಿಗೆ ರೊಟ್ಟಿ ಹಬ್ಬ ಗೊತ್ತಿಲ್ಲದಿದ್ದರೆ ತಪ್ಪಲ್ಲ. ಸುತ್ತೋಲೆ ಓದಿ ಸಹಿ ಹಾಕಿದವರು, ನಾನೂ ಸೇರಿ, ಎಲ್ಲರೂ ಇಲ್ಲಿಯವರೇ. ಹುಟ್ಟಿದಾಗಿನಿಂದ ರೊಟ್ಟಿ ಹಬ್ಬದ ರೊಟ್ಟಿ ತಿಂದವರು. ಆದರೆ ನಮಗೆ ಆ ಹಬ್ಬ ತಾರೀಖಿನಲ್ಲಿ ಬರುವುದಿಲ್ಲ, ಅಡುಗೆಮನೆಯಿಂದ ಬರುತ್ತದೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಹಬ್ಬ ಬಂತು ಎಂದು ಗೊತ್ತಾಗುತ್ತದೆ, ಕಚೇರಿಯಲ್ಲಿ ಆ ಸಪ್ಪಳ ಎಲ್ಲಿಂದ ಬರಬೇಕು?

ಸೋಮವಾರ ಬೆಳಿಗ್ಗೆ ಕುಲಪತಿಗಳ ಕೋಣೆಗೆ ನುಗ್ಗಿದೆ. ಅವರು ಸಮಾಧಾನದ ಮನುಷ್ಯ. ಕನ್ನಡಕ ತೆಗೆದು ಒರೆಸುತ್ತಾ, "ಏನಮ್ಮಾ ಇದು, ರಜೆ ಪಟ್ಟಿಯಲ್ಲಿ ಬುಧವಾರ ಕೆಲಸದ ದಿನ ಅಂತಲೇ ಇದೆಯಲ್ಲ" ಅಂದರು.

"ಪಟ್ಟಿಯಲ್ಲಿದೆ ಸರ್, ಊರಲ್ಲಿಲ್ಲ."

"ತಾರೀಖು ಬದಲಾಯಿಸೋಣ ಅಂದ್ರೆ ಅವರು ಆಗಲೇ ರೈಲಿಗೆ ಟಿಕೆಟ್ ಮಾಡಿಸಿದ್ದಾರೆ. ಖಾಲಿ ತರಗತಿ ನೋಡಿದ್ರೆ ಕಥೆ ಮುಗೀತು. ಇಷ್ಟೇ ಮಕ್ಕಳು ಅಂತ ಬರ್ಕೊಂಡು ಹೋಗ್ತಾರೆ." ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. "ಈಗೇನು ಮಾಡೋದು?"

ಏನು ಮಾಡುವುದು ಎಂದು ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ನನ್ನ ಸ್ವಭಾವದಲ್ಲಿಲ್ಲ. "ನಾನು ಕರೆಸ್ತೀನಿ ಸರ್" ಎಂದು ಹೊರಗೆ ಬಂದೆ.

ಫೋನ್ ಮಾಡಲು ಕೂತೆ. ಒಬ್ಬಳು ಲಕ್ಕುಂಡಿಯಲ್ಲಿ ಜೋಕಾಲಿ ಆಡುತ್ತಿದ್ದಳು, ಹಿಂದೆ ಹೋ ಎಂದು ಕೂಗು ಕೇಳುತ್ತಿತ್ತು. ಇನ್ನೊಬ್ಬಳು ಉಂಡಿ ಕಟ್ಟುತ್ತಿದ್ದಳು, ಕೈ ಬೆಲ್ಲವಾಗಿದೆ ಎಂದು ಅವಳ ತಮ್ಮ ಫೋನ್ ಹಿಡಿದಿದ್ದ. ಎಲ್ಲರೂ ಅಯ್ಯೋ ಮೇಡಂ ಅಂದರು, ಎಲ್ಲರಿಗೂ ಬರುವ ಮನಸ್ಸಿತ್ತು, ಯಾರಿಗೂ ಮನೆಯಿಂದ ಬಿಡುವ ಮಾತಿರಲಿಲ್ಲ. ಮುಂಡರಗಿಯವಳಿಗೆ ಮಾಡಿದೆ. ಅವಳ ಧ್ವನಿ ಕೇಳಿಸುವಷ್ಟರಲ್ಲಿ ಫೋನ್ ಕೈ ಬದಲಾಯಿತು.

"ಯಾರ್ರಿ? ಸಾಲಿ ಅಕ್ಕೋರೇನ್ರಿ?" ಅತ್ತೆ. ಧ್ವನಿಗೆ ಫೋನೇ ಬೇಕಿರಲಿಲ್ಲ, ಮುಂಡರಗಿಯಿಂದ ಹಾಗೆಯೇ ಕೇಳುವಂತಿತ್ತು. "ರೊಟ್ಟಿ ಹಬ್ಬದ ದಿನಾ ಸಾಲಿ ಇಟ್ಟಾಂವ ಯಾಂವ್ರಿ ಅಂವಾ? ನನ್ನ ಮಗಳೂ ಈ ಸಲ ತವರಿಗೆ ಬಂದಿಲ್ಲ. ಸೊಸಿನ್ನ ಸಾಲಿಗೆ ಕಳಿಸಿ ನಾ ಒಬ್ಬಾಕಿನ ಓಣಿ ತುಂಬ ರೊಟ್ಟಿ ಹಂಚಲ್ಯಾ?"

ಅವರೂ ನಮ್ಮವ್ವನ ಮಾತನ್ನೇ ಆಡುತ್ತಿದ್ದರು. ಆಗ ಹೊಳೆಯಿತು ನೋಡಿ! ಹೊಳೆದದ್ದೇ ತಡ, ಯೋಚಿಸದೆ ಅಂದುಬಿಟ್ಟೆ: "ಅವ್ವಾರ, ಓಣಿಗೆ ಮುಂಜಾನೆ ಹಂಚಿಬಿಡ್ರಿ. ಉಳಿದದ್ದು ಕಟಗೊಂಡು ಇಲ್ಲಿಗೆ ಬರ್ರಿ. ಎಲ್ಲಾ ಹುಡುಗ್ಯಾರ ಮನಿ ರೊಟ್ಟೀನೂ ಬರತಾವು. ಈ ಸಲ ರೊಟ್ಟಿ ಹಬ್ಬ ನಮ್ಮ ಯೂನಿವರ್ಸಿಟ್ಯಾಗ."

ಆ ಕಡೆ ಧ್ವನಿ ತಗ್ಗಿತು, "ನಾನೂ ಬರಲೇನ್ರಿ?"

"ನೀವು ಬರಲಿಲ್ಲಂದರ ಹಬ್ಬ ಹೆಂಗ ಆಗತೈತ್ರಿ?"

"ಸಂಜಿ ದೀಪದ ಹೊತ್ತಿಗೆ ಮನಿ ಮುಟ್ಟಬೇಕ ನೋಡ್ರಿ ಮತ್ತ" ಎಂದು ಫೋನ್ ಇಟ್ಟರು.

ಮತ್ತೆ ಮೊದಲಿನಿಂದ ಎಲ್ಲರಿಗೂ ಫೋನ್. ಲಕ್ಕುಂಡಿಗೆ, ಮುಳಗುಂದಕ್ಕೆ, ಲಕ್ಷ್ಮೇಶ್ವರಕ್ಕೆ. ರೊಟ್ಟಿ ಕಟ್ಟಿಕೊಂಡು ಬನ್ನಿ, ಅವ್ವನನ್ನು ಕರೆತನ್ನಿ, ಅತ್ತೆಯನ್ನು ಕರೆತನ್ನಿ, ಅಜ್ಜಿ ನಡೆಯುವಂತಿದ್ದರೆ ಅಜ್ಜಿಯನ್ನೂ! ಸಂಜೆ ಹೊತ್ತಿಗೆ ನನ್ನ ಗಂಟಲು ಕೂತುಹೋಗಿತ್ತು, ಆದರೂ ಬೆಟಗೇರಿಗೆ ಹೋಗಿ ಅವ್ವನ ಬುಟ್ಟಿಯಿಂದಲೂ ಒಂದು ಗಂಟು ಕಟ್ಟಿಸಿಕೊಂಡೆ.

ಬುಧವಾರ ಸಮಿತಿ ಹೇಳಿದ ವೇಳೆಗೇ ಬಂತು. ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು, ಬೆಂಗಳೂರಿನವರು, ಬೆಳ್ಳಗಿನ ತಲೆ, ಮೆತ್ತಗಿನ ಮಾತು. ಜೊತೆಗೆ ಇನ್ನಿಬ್ಬರು ಸದಸ್ಯರು. ಮೊದಲ ತರಗತಿಯ ಬಾಗಿಲು ತೆರೆದೆವು. ಮೂಲೆಯಲ್ಲಿ ಕೆಲವು ಹುಡುಗರು. ಎರಡನೆಯದರಲ್ಲಿ ಬರೀ ಬೆಂಚು. ಅಧ್ಯಕ್ಷರು ಬೆಂಚಿನ ಮೇಲೆ ಬೆರಳಾಡಿಸಿ, "ಮಕ್ಕಳು ದಿನಾ ಇಷ್ಟೇ ಬರ್ತಾರಾ?" ಎಂದು ಕೇಳಿದರು.

ಕುಲಪತಿಗಳು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ರಸ್ತೆ ನೋಡುತ್ತಿದ್ದೆ. ಬರುತ್ತೇವೆ ಅಂದವರೆಲ್ಲ ಬರುತ್ತಾರೆ ಎಂದು ನಂಬಿ ಕೂತ ನಾನು ಎಂಥ ಹುಚ್ಚಿ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಮುಂಡರಗಿ ಬಸ್ಸು ಬಂದು ಗೇಟಿನ ಮುಂದೆ ನಿಂತಿತು. ಸಾಮಾನ್ಯವಾಗಿ ಒಬ್ಬರಿಬ್ಬರನ್ನು ಇಳಿಸಿ ಹೊರಡುವ ಬಸ್ಸು ಅವತ್ತು ಹೊರಡಲೇ ಇಲ್ಲ. ಇಳಿಯುತ್ತಲೇ ಇದ್ದರು. ಹೊಸ ಸೀರೆ, ಹೊಸ ಬಳೆ, ತಲೆ ತುಂಬ ಹೂ, ಎಲ್ಲರ ಕೈಯಲ್ಲೂ ಬಟ್ಟೆಯ ಗಂಟು. ಹುಡುಗಿಯರ ಹಿಂದೆ ಅವ್ವಂದಿರು, ಅವ್ವಂದಿರ ಹಿಂದೆ ಅಜ್ಜಿಯರು. ಅದರ ಬೆನ್ನಿಗೇ ಲಕ್ಷ್ಮೇಶ್ವರದ ಕಡೆಯಿಂದ ಎರಡು ಟಂಟಂ ಗಾಡಿಗಳು ಕಿಕ್ಕಿರಿದು ಬಂದವು. ಮುಳಗುಂದದ ಹುಡುಗಿ ಅಪ್ಪನ ಟ್ರ್ಯಾಕ್ಟರಿನಲ್ಲೇ ಬಂದಳು, ಟ್ರಾಲಿಯಲ್ಲಿ ಅವರ ಓಣಿಯೇ ಕೂತಿತ್ತು. ನಾನು ಅಧ್ಯಕ್ಷರನ್ನೂ ಬಿಟ್ಟು ಮೆಟ್ಟಿಲು ಇಳಿದು ಓಡಿದೆ. ಸಂತೋಷಕ್ಕೂ ನನ್ನಿಂದ ಕೂತಲ್ಲಿ ಕೂರಲಾಗುವುದಿಲ್ಲ.

ಬೇವಿನ ಮರಗಳ ಕೆಳಗೆ ಜಮಖಾನೆ ಹಾಸಿದೆವು. ಗಂಟುಗಳು ಬಿಚ್ಚಿಕೊಂಡವು. ಎಣಗಾಯಿ, ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಅಗಸೆ ಚಟ್ನಿ, ಗಟ್ಟಿ ಮೊಸರು. ಲಕ್ಷ್ಮೇಶ್ವರದ ರೊಟ್ಟಿ ಮುಂಡರಗಿಯ ಕೈಗೆ, ಮುಂಡರಗಿಯದು ಮುಳಗುಂದಕ್ಕೆ. ಒಬ್ಬರ ಪಲ್ಯಕ್ಕೆ ಇನ್ನೊಬ್ಬರು ಖಾರ ಸಾಲದು ಎಂದು ಹೆಸರಿಡುತ್ತಿದ್ದರು, ಹೆಸರಿಡುತ್ತಲೇ ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದರು. ಅಧ್ಯಕ್ಷರು ಕಡಕ್ ರೊಟ್ಟಿಯನ್ನು ಕಚ್ಚಲು ಹೋಗಿ ಹಲ್ಲು ಹಿಡಿದುಕೊಂಡರು. ಅವರ ಪಕ್ಕದಲ್ಲೇ ಇಳಕಲ್ ಸೀರೆಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದವರು ಮುಂಡರಗಿಯ ನಮ್ಮ ಹುಡುಗಿಯ ಅತ್ತೆ.

"ಹಂಗಲ್ರೀ ಯಪ್ಪಾ. ಮುರೀರಿ ಮದಲ. ಮ್ಯಾಲೆ ಮಸರು ಹಾಕ್ರಿ. ಅದಕ್ಕ ಸ್ವಲ್ಪ ಪುರಸೊತ್ತು ಕೊಡ್ರಿ, ತಾನ ಮೆತ್ತಗಾಗತೈತಿ."

ಅಧ್ಯಕ್ಷರು ಹೇಳಿದಂತೆ ಮಾಡಿದರು. ಮೂರನೆಯ ರೊಟ್ಟಿಗೆ ಅವರೇ ಕೈ ಚಾಚಿದಾಗ ಕುಲಪತಿಗಳು ನನ್ನ ಕಡೆ ನೋಡಿ ನಕ್ಕರು. ಗೆದ್ದೆವು ಎಂದೇ ನಾನು ಲೆಕ್ಕ ಹಾಕಿದೆ.

ಊಟವಾದ ಮೇಲೆ ಸಭಾಭವನ ತುಂಬಿತು. ಅದು ತುಂಬಿದ್ದನ್ನು ನಾನು ಅವತ್ತೇ ನೋಡಿದ್ದು. ಮೊದಲು ನಾನು ಮಾತಾಡಿದೆ. ಕೂತುಹೋದ ಗಂಟಲಿನಲ್ಲೇ ಜೋರಾಗಿ ಮಾತಾಡಿದೆ. ಈ ಹೆಣ್ಣುಮಕ್ಕಳು ಇದು ಇಲ್ಲಿದ್ದುದಕ್ಕೇ ಓದುತ್ತಿದ್ದಾರೆ, ಇದನ್ನು ಎತ್ತಿ ಒಯ್ದರೆ ಇವರು ಹಿಂದೆ ಬರುವುದಿಲ್ಲ, ವಿಲೀನದ ಮಾತೇ ಬೇಡ. ಚಪ್ಪಾಳೆಯೋ ಚಪ್ಪಾಳೆ! ಬಳೆಗಳೂ ಸೇರಿ ಸಭಾಭವನ ಗಲಗಲ ಎಂದಿತು.

"ಮೇಡಂ ಹೇಳಿದ್ದಾಯ್ತು. ಈಗ ಮಕ್ಕಳು ಹೇಳಲಿ" ಎಂದರು ಅಧ್ಯಕ್ಷರು.

ನಾನು ಮುಂಡರಗಿಯವಳ ಕಡೆ ಕಣ್ಣು ಮಾಡಿದೆ. ಅವಳು ಎದ್ದಳು. ಸೆರಗು ಸರಿಮಾಡಿಕೊಂಡಳು. ಅಧ್ಯಕ್ಷರು ಕೇಳಿದರು, "ವಿಲೀನ ಬೇಕೋ, ಬೇಡ್ವೋ?"

"ಆಗಲಿರಿ ಸರ್" ಅಂದಳು.

ನನಗೆ ಕೇಳಿದ್ದು ಸರಿಯೇ ಎಂದು ಪಕ್ಕದವರ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು. ಯಾರಿಗಾಗಿ ನಾನು ಊರೆಲ್ಲ ಕೂಗಿ ಕರೆದೆನೋ ಅವಳೇ! ಕಿವಿಯವರೆಗೆ ಬಿಸಿ ಏರಿತು. ಕುರ್ಚಿಯ ಕೈ ಹಿಡಿದು ಏಳದಂತೆ ನನ್ನನ್ನು ನಾನೇ ಕೂರಿಸಿಕೊಂಡೆ.

"ಮೇಡಂ ಸಿಟ್ಟಾಗಬ್ಯಾಡ್ರಿ" ಎಂದು ನನ್ನ ಕಡೆ ತಿರುಗಿ ಹೇಳಿ, ಮತ್ತೆ ಅಧ್ಯಕ್ಷರಿಗೆ ಹೇಳಿದಳು. "ಇಲ್ಲೇ ಎಂ.ಎ. ಮುಗಿಸಿದ ನಮ್ಮ ಸೀನಿಯರ್ ಒಬ್ಬಾಕಿ ಗದಗಿನಾಗ ಕೆಲಸ ಕೇಳಾಕ ಹೋಗಿದ್ಲರಿ. ಆಕಿ ಮಾರ್ಕ್ಸ್ ಕಾರ್ಡ್ ನೋಡಿ, ಇದು ಎಲ್ಲಿ ಯೂನಿವರ್ಸಿಟಿ ಅಂತ ಕೇಳಿದ್ರಂತ. ಗದಗಿನಾಗ ಕೇಳಿದ್ರರಿ! ಬ್ಯಾರೆ ರಾಜ್ಯದಾಗಲ್ಲ. ಲೈಬ್ರರಿಯೊಳಗ ನನಗ ಬೇಕಾದ ಪುಸ್ತಕ ಇಲ್ಲ. ಮೇಡಂ ತಮ್ಮ ಮನ್ಯಾಗಿನ ಪುಸ್ತಕ ತಂದು ಕೊಡತಾರ. ಮೇಡಂರ ಮನ್ಯಾಗಿನವು ಮುಗದ ಮ್ಯಾಲೆ ಏನ್ ಓದೂದ್ರಿ?"

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಅಷ್ಟು ಉರಿಯುತ್ತಿತ್ತು.

"ಹಾಗಾದ್ರೆ ತರಗತಿಗಳನ್ನ ಅಲ್ಲಿಗೇ ಒಯ್ಯಬಹುದು ಅಂತೀರಾ?"

"ಅದನ್ನ ಹೇಳಾಕತ್ತೇನ್ರಿ ಸರ್. ಇವತ್ತ ನೀವು ನೋಡಿದ್ರಲ್ರಿ. ಎಲ್ಲಾರ ಮನಿ ರೊಟ್ಟಿ ಎಲ್ಲಾರ ಕೈಗೆ ಹೋದವು. ನಮ್ಮ ಕೈಗೆ ಲಕ್ಷ್ಮೇಶ್ವರದ ರೊಟ್ಟಿ ಬಂತು, ನಿಮ್ಮ ತಾಟಿನ್ಯಾಗ ನಮ್ಮ ರೊಟ್ಟಿ ಬಿತ್ತು. ಅದಕ್ಕಂತ ಯಾರೂ ತಮ್ಮ ಮನಿ ಒಲಿ ಕಿತ್ತು ಮಂದಿ ಮನಿಗೆ ಒಯ್ಯೂದಿಲ್ರಿ. ಅವರ ಹೆಸರು ನಮಗ ಬರಲಿ, ಪುಸ್ತಕ ಬರಲಿ, ಕಲಸಾವರೂ ಬರಲಿ. ಕ್ಲಾಸ್ ಮಾತ್ರ ಇಲ್ಲೇ ನಡೀಬೇಕು."

ನನಗೆ ಆಗ ಏನಾಯಿತೆಂದು ಹೇಳಲಾರೆ. ಸಿಟ್ಟು ಇದ್ದ ಹಾಗೇ ಇತ್ತು, ಅದರ ಜೊತೆಗೆ ಎದೆಯಲ್ಲಿ ಹೆಮ್ಮೆ ಉಕ್ಕಿ ಬಂತು. ನಾನು ಬೇಡ ಎನ್ನುವುದನ್ನಷ್ಟೇ ಕಲಿಸಿದ್ದೆ. ಏನು ಬೇಕು, ಎಷ್ಟು ಬೇಕು ಎಂಬುದನ್ನು ಅವಳು ತಾನಾಗಿ ಯೋಚಿಸಿಕೊಂಡು ಬಂದಿದ್ದಳು.

ಅಧ್ಯಕ್ಷರು ಮುಂದಕ್ಕೆ ಬಾಗಿದರು. "ಒಂದು ವೇಳೆ ಅಲ್ಲಿಗೇ ಹೋದ್ರೆ, ನೀವು ಬರ್ತೀರಾ?"

ಅವಳು ಹಿಂದಿನ ಸಾಲಿನಲ್ಲಿ ಕೂತ ಅತ್ತೆಯ ಕಡೆ ತಿರುಗಿ ನೋಡಿದಳು. ಎಲ್ಲರೂ ತಿರುಗಿದರು.

"ನನ್ನ ಯಾಕ ನೋಡತಿ? ನಿನ್ನ ಕೇಳ್ಯಾರ, ನೀ ಹೇಳು" ಎಂದರು ಅತ್ತೆ.

"ಬರಾಕ ಆಗಂಗಿಲ್ರಿ ಸರ್. ದೀಪ ಹಚ್ಚೂ ಹೊತ್ತಿಗೆ ನಾ ಮನ್ಯಾಗಿರಬೇಕು" ಎಂದು ಕೂತಳು. ದೂರಿನ ಧ್ವನಿ ಇರಲಿಲ್ಲ. ಹೊರಗೆ ಬಿಸಿಲಿದೆ ಎನ್ನುವ ಹಾಗೆ ಹೇಳಿದಳು. ಅತ್ತೆ ಎದುರಿನ ಗೋಡೆ ನೋಡುತ್ತಾ ಕೂತರು.

ಆಮೇಲೆ ಮಾತಿಗೆ ಕಟ್ಟೆಯೊಡೆದಂತಾಯಿತು. ನಾನು ಬರೆಸಿ ಉರುಹೊಡೆಸಿದ್ದನ್ನೆಲ್ಲ ಹುಡುಗಿಯರು ಅಲ್ಲೇ ಬಿಟ್ಟು ತಮಗೆ ತೋಚಿದ್ದು ಹೇಳತೊಡಗಿದರು. ಒಬ್ಬಳಿಗೆ ಹೆಸರು ಬದಲಾಗುವುದು ಬೇಡವೇ ಬೇಡ. ಒಬ್ಬಳಿಗೆ ಹಾಸ್ಟೆಲ್ಲಿಗೆ ನೀರು ಬಂದರೆ ಸಾಕು, ಹೆಸರು ಏನಾದರೂ ಇಟ್ಟುಕೊಳ್ಳಲಿ. ಲಕ್ಷ್ಮೇಶ್ವರದ ಒಬ್ಬ ಅಜ್ಜಿ, "ದೊಡ್ಡವರ ಮನಿ ಸೇರಿದ ಮ್ಯಾಲೆ ಒಲಿ ನಮ್ಮದ ಅಂತ ಹೇಳಾಕ ಬರತೈತೇನ್ರಿ? ಮುಂದ ಒಂದಿನ ಅದನ್ನೂ ಒಯ್ಯತಾರ" ಅಂದಳು. ನಾನು ಆ ಅಜ್ಜಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅಧ್ಯಕ್ಷರು ಪ್ರತಿಯೊಬ್ಬರಿಗೂ ಮತ್ತೊಂದು ಪ್ರಶ್ನೆ ಕೇಳುತ್ತಿದ್ದರು. ಇಷ್ಟು ಗಲಾಟೆಯ, ಇಷ್ಟು ಜೀವಂತ ತರಗತಿ ಆ ಕಟ್ಟಡದಲ್ಲಿ ಹಿಂದೆ ಆಗಿರಲಿಲ್ಲ.

ಬೇವಿನ ನೆರಳು ಮೆಟ್ಟಿಲು ಮುಟ್ಟಿದ್ದನ್ನು ನೋಡಿದಾಗ ನನಗೆ ಬಸ್ಸಿನ ನೆನಪಾಯಿತು. ಹುಡುಗಿ ಆಗಲೇ ಸೆರಗು ಸಿಕ್ಕಿಸಿಕೊಂಡು ಖಾಲಿ ಬುಟ್ಟಿ ಕೈಗೆತ್ತಿಕೊಂಡಿದ್ದಳು. ನಾನು ಅತ್ತೆಯ ಹತ್ತಿರ ಹೋಗಿ, "ಅವ್ವಾರ, ಮುಂಡರಗಿ ಬಸ್ಸಿನ ಹೊತ್ತಾತ್ರಿ" ಅಂದೆ.

"ತಡೀರಿ ಅಕ್ಕೋರ. ಆ ಹಿರ್ಯಾರು ಏನ ಹೇಳತಾರ ಕೇಳೂಣು."

"ಬಸ್ ತಪ್ಪತೈತ್ರಿ."

"ತಪ್ಪಲಿ ಬಿಡ್ರಿ."

ಹೊರಗೆ ಬಸ್ಸು ಬಂತು, ಹಾರ್ನ್ ಮಾಡಿತು, ಮುಂಡರಗಿ ಕಡೆಯ ಉಳಿದವರನ್ನು ಹತ್ತಿಸಿಕೊಂಡು ಹೋಯಿತು. ಸೊಸೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅಧ್ಯಕ್ಷರು ಎದ್ದು ನಿಂತು, ತೀರ್ಮಾನ ಮಾಡುವುದು ನಾನಲ್ಲ, ಆದರೆ ಇಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಮೇಲಿನವರಿಗೆ ಹೇಳುತ್ತೇನೆ ಎಂದು ಶುರು ಮಾಡಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅವರಿಗಿಂತ ದೊಡ್ಡ ಧ್ವನಿ ಎದ್ದಿತು. ಅತ್ತೆ ಮಗನಿಗೆ ಫೋನ್ ಹಚ್ಚಿದ್ದರು.

"ಹಲೋ! ಹಾಂ, ನಾನ. ನಾವು ಮೀಟಿಂಗಿನಾಗ ಅದೇವಿ. ಬರಾಕ ಹೊತ್ತಾಗತೈತಿ. ಇವತ್ತ ದೀಪಾ ನೀನ ಹಚ್ಚು."

ಅಧ್ಯಕ್ಷರು ಮಾತು ನಿಲ್ಲಿಸಿದರು. ಸಭೆಯೆಲ್ಲ ತಿರುಗಿತು.

"ಹೂಂ, ನೀನ. ಯಾಕ, ಗಂಡಸರು ಹಚ್ಚಿದರ ಹತ್ತಂಗಿಲ್ಲೇನು?" ಫೋನಿನ ಮೇಲೆ ಕೈಯಿಟ್ಟು ಸೊಸೆಯ ಕಡೆ ಬಾಗಿದರು. "ಎಣ್ಣಿ ಎಲ್ಲೈತಿ ಅಂತ ಕೇಳಾಕತ್ತಾನ ನೋಡ ನಿನ್ನ ಗಂಡ."

ಹುಡುಗಿ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು, "ದೇವರ ಜಗಲಿ ಬಾಜೂಕ, ಗ್ವಾಡಿ ಮಾಡದಾಗ ಐತ್ರಿ" ಅಂದಳು. ಸಭಾಭವನ ಗೊಳ್ಳೆಂದು ನಕ್ಕಿತು. ಅಧ್ಯಕ್ಷರೂ ನಕ್ಕರು. ನಾನು ನಗಲಿಕ್ಕೆ ಹೋಗಿ ಅತ್ತುಬಿಟ್ಟೆ, ಅಳುವುದನ್ನು ಮುಚ್ಚಲು ಯಾರಿಗೋ ಸುಮ್ಮನೆ ಬೈದೆ.

ಕುಲಪತಿಗಳು ಅವರಿಬ್ಬರನ್ನೂ ತಮ್ಮ ಕಾರಿನಲ್ಲೇ ಊರಿಗೆ ಕಳಿಸಿದರು. ಮುಂದಿನ ಸಲ ತಾರೀಖು ಇಡುವ ಮುಂಚೆ ನಿಮ್ಮ ತಾಯಿಯವರಿಗೆ ಫೋನ್ ಮಾಡಿ ಕೇಳುತ್ತೇನೆ ಎಂದು ನನಗೆ ಹೇಳಿದರು.

ಚಳಿಗಾಲಕ್ಕೆ ಆದೇಶ ಬಂತು. ವಿಲೀನವಾಯಿತು. ನಾವೀಗ ದೊಡ್ಡ ವಿಶ್ವವಿದ್ಯಾಲಯದ ಒಂದು ಕೇಂದ್ರ. ಮುಂದಿನ ಆದೇಶದವರೆಗೆ ತರಗತಿಗಳು ಇಲ್ಲಿಯೇ ನಡೆಯುತ್ತವೆ. ಆ "ಮುಂದಿನ ಆದೇಶದವರೆಗೆ" ಎಂಬ ಮಾತು ಓದಿದಾಗಲೆಲ್ಲ ನನಗೆ ಲಕ್ಷ್ಮೇಶ್ವರದ ಅಜ್ಜಿ ನೆನಪಾಗುತ್ತಾಳೆ, ಎದ್ದು ಆವರಣದಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆ. ಹಳೆಯ ಬೋರ್ಡು ಇಳಿಸುವ ದಿನ ಬೋರ್ಡಿನವನ ಜೊತೆ ಕಾರಣವಿಲ್ಲದೆ ಜಗಳ ತೆಗೆದೆ. ಆದರೆ ಪುಸ್ತಕಗಳ ಟೆಂಪೊ ಬಂದ ದಿನ ಪೆಟ್ಟಿಗೆಗಳನ್ನು ಒಡೆದವರಲ್ಲಿ ಮೊದಲಿನವಳು ನಾನೇ. ಕೆಲವನ್ನು ಮೂಸಿಯೂ ನೋಡಿದೆ.

ನಮ್ಮ ಹುಡುಗಿ ತನ್ನ ಊರಿನ ಸಂತೆಯ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದಾಳೆ. ಅದಕ್ಕೆ ಬೇಕಾದ ಹಳೆಯ ವರದಿಗಳು ಪಕ್ಕದ ಜಿಲ್ಲೆಯ ದೊಡ್ಡ ಗ್ರಂಥಾಲಯದಲ್ಲಿ ಮಾತ್ರ ಇವೆ, ಹೊರಗೆ ಕೊಡುವುದಿಲ್ಲ. ಎರಡು ರಾತ್ರಿ ಅಲ್ಲೇ ಉಳಿಯಬೇಕು. ಇದನ್ನು ಮನೆಯಲ್ಲಿ ಹೇಗೆ ಕೇಳುವುದು ಎಂದು ನಾನು ಚಿಂತೆ ಮಾಡುತ್ತಿದ್ದಾಗ ಅವಳು ಆಗಲೇ ಕೇಳಿ, ಚೀಲ ಕಟ್ಟಿಕೊಂಡು ಬಂದಿದ್ದಳು. ಅತ್ತೆ ದಾರಿಗೆಂದು ರೊಟ್ಟಿ ಕಟ್ಟಿ ಕೊಟ್ಟಿದ್ದರು, ನನಗೂ ಒಂದು ಗಂಟು.

ಅವಳನ್ನು ಅಲ್ಲಿನ ಹಾಸ್ಟೆಲ್ಲಿಗೆ ನಾನೇ ಮುಟ್ಟಿಸಿದೆ. ಸುಖವಾಗಿ ಮುಟ್ಟಿದ ಖಬರು ಹೇಳೋಣವೆಂದು ಸಂಜೆ ಅವಳ ಮನೆಗೆ ಫೋನ್ ಮಾಡಿದೆ. ಎತ್ತಿದವನು ಗಂಡ. ನಾನು ಮಾತು ಶುರು ಮಾಡುವ ಮುಂಚೆಯೇ ಅವಸರದಲ್ಲಿ ಹೇಳಿದ:

"ಒಂದೀಟು ತಡದು ಫೋನ್ ಮಾಡ್ರಿ ಮೇಡಂ. ದೀಪಾ ಹಚ್ಚಾಕತ್ತೇನಿ."